ಪಶ್ಚಿಮಕ್ಕೆ ಖುಲ್ಲಾ ಜಾಗ

ಅವ್ವನ ಧಾರೆ ಸೀರೆಯ ಮಡಿಕೆಯಲ್ಲಿ ಹತ್ತು ವರ್ಷ ನಾನೊಂದು ಕಾಗದ ಇಟ್ಟುಕೊಂಡಿದ್ದೆ. ಕಾರ್ಬನ್ ನಕಲು, ನೀಲಿ ಅಕ್ಷರ, ಕೆಳಗೆ ಒಂದಷ್ಟು ರುಜು, ಅದರ ಪಕ್ಕದಲ್ಲಿ ಐದು ಹೆಬ್ಬೆಟ್ಟು. ಆ ಐದೂ ಹೆಬ್ಬೆಟ್ಟು ಒತ್ತಿಸಿದವಳು ನಾನು. ಬೇರೆ ಹೆಂಗಸರು ಸೀರೆಗೆ ನುಸಿ ಹಿಡಿಯದಿರಲಿ ಎಂದು ಬೇವಿನ ಸೊಪ್ಪು ಇಡುತ್ತಾರೆ, ನಾನು ಆ ಕಾಗದ ಕೆಡದಿರಲಿ ಎಂದು ಇಡುತ್ತಿದ್ದೆ. ವರ್ಷಕ್ಕೊಂದು ಸಲ ತೆಗೆದು ಓದಿ, ಸಿಟ್ಟು ಹಾಗೇ ಇದೆಯಾ ಎಂದು ನೋಡಿಕೊಂಡು, ಮತ್ತೆ ಮಡಿಸಿಡುತ್ತಿದ್ದೆ. ಸೇಡು ಇಟ್ಟುಕೊಂಡವರಿಗೆ ನಿದ್ದೆ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ನನಗೆ ಚೆನ್ನಾಗಿಯೇ ಬರುತ್ತಿತ್ತು.

ನಂಜನಗೂಡಿನಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಒಂದು ಹೋಟೆಲು. ಹೆಸರು ಹೇಳಿದರೆ ಗಿರಾಕಿ ಹೆಚ್ಚಾದಾರು, ಹೇಳುವುದಿಲ್ಲ. ಮುಂದೆ ಗಲ್ಲಾ, ಗಲ್ಲಾದ ಮೇಲೆ ದೇವರ ಪಟ, ಊದುಬತ್ತಿ. ಒಳಗೆ ಮೇಜು ಕುರ್ಚಿ, ಆಮೇಲೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ದಾಟಿದರೆ ಹಿತ್ತಲು. ಮೂರು ಕಡೆ ಆಳೆತ್ತರದ ಗೋಡೆ, ನಾವು ಬಂದುಹೋಗಲು ಓಣಿಯ ಕಡೆ ಒಂದು ಸಣ್ಣ ಬಾಗಿಲು, ಅರ್ಧಕ್ಕೆ ತಗಡು, ಒಂದು ನೀರಿನ ತೊಟ್ಟಿ, ಒಂದು ನಲ್ಲಿ, ಮೂಲೆಯಲ್ಲಿ ರುಬ್ಬುವ ಕಲ್ಲು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವ್ವನೂ ನಾನೂ ಇನ್ನು ನಾಲ್ಕು ಜನ ಹೆಂಗಸರೂ ಅಲ್ಲಿ ಮುಸುರೆ ತಿಕ್ಕುತ್ತಿದ್ದೆವು. ಬೆಳಿಗ್ಗೆ ಆರಕ್ಕೆ ಶುರುವಾದರೆ ಸಂಜೆಯವರೆಗೂ ತಟ್ಟೆ, ಲೋಟ, ಸೀದ ಬಾಣಲೆ, ಮತ್ತೆ ತಟ್ಟೆ. ಕಾಲು ಯಾವಾಗಲೂ ನೀರಲ್ಲಿ. ಬೆರಳ ಸಂದಿಯ ಕೆಸರುಹುಣ್ಣಿಗೆ ಹರಳೆಣ್ಣೆ ಸವರಿಕೊಂಡು ಬರುತ್ತಿದ್ದೆವು.

ನಮ್ಮದು ಹೆಮ್ಮಿಗೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ನಂಜನಗೂಡಿಗೆ ಬಂದಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಅವ್ವನ ಪಕ್ಕ ಕೂತೆ. ಆರು ಜನರಲ್ಲಿ ಓದು ಬಲ್ಲವಳು ನಾನೊಬ್ಬಳೇ. ಊರಿಂದ ಕಾಗದ ಬಂದರೆ, ಡಾಕ್ಟರು ಚೀಟಿ ಬರೆದರೆ, ಎಲ್ಲರೂ ನನಗೇ ಕೊಡುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಹೋಟೆಲಿನ ಯಜಮಾನರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಬಯ್ಯುವವರಲ್ಲ, ಹೊಡೆಯುವವರಲ್ಲ, ಮಾತು ಬೆಣ್ಣೆ. ಹಿತ್ತಲಿನವರಿಗೆ ದಿನಕ್ಕೆ ಎರಡು ಸಲ ಕಾಫಿ. ನಮ್ಮ ಲೋಟಗಳು ಬೇರೆ, ಹಿತ್ತಲ ಗೋಡೆಯ ಮೇಲೆ ಬೋರಲಾಗಿ ಇರುತ್ತಿದ್ದವು. ನಾವು ಲೋಟ ಹಿಡಿದು ಹಿಂಬಾಗಿಲ ಮೆಟ್ಟಿಲ ಕೆಳಗೆ ನಿಂತರೆ ಸಾವ್ಕಾರ್ರು ತಾವೇ ಬಂದು ಮೇಲಿನಿಂದ ಹುಯ್ಯುತ್ತಿದ್ದರು, ಪಾತ್ರೆ ಲೋಟಕ್ಕೆ ತಾಕದ ಹಾಗೆ. ಕಾಫಿ ಆರಿರುತ್ತಿತ್ತು. ಆ ಮೆಟ್ಟಿಲ ಮೇಲೆ ನಾವು ಕಾಲಿಡಬಾರದೆಂದು ಯಾರೂ ಹೇಳಿರಲಿಲ್ಲ. ನಾವು ಇಡುತ್ತಿರಲಿಲ್ಲ. ತಿಂಗಳ ಮುಟ್ಟಾದರೆ ಮನೆಯಲ್ಲಿ ಹೊರಗೆ, ಊರಲ್ಲಿ ನಮ್ಮ ಕೇರಿಯೇ ಹೊರಗೆ, ಇಲ್ಲಿ ಹಿತ್ತಲು. ಹೊರಗೆ ಅನ್ನುವ ಮಾತು ಎಷ್ಟು ಅಭ್ಯಾಸವಾಗಿತ್ತೆಂದರೆ ಅದು ಕಿವಿಗೇ ಬೀಳುತ್ತಿರಲಿಲ್ಲ. ನಾನು ಮೋಸಹೋಗಿದ್ದು ಅಲ್ಲೇ.

ಒಂದು ವರ್ಷ ಬೋಂಡ ಕರಿಯುವವನ ಕೈಗೆ ಎಣ್ಣೆ ಸಿಡಿದು ಮೊಣಕೈವರೆಗೂ ಬೆಂದಿತು. ವಾರ ಬಿಟ್ಟು ಕೆಲಸಕ್ಕೆ ಬಂದರೆ ಸಾವ್ಕಾರ್ರು, 'ಕೈ ವಾಸಿಯಾಗಲಪ್ಪ, ಆಮೇಲೆ ನೋಡೋಣ' ಎಂದು ಬೆನ್ನು ಸವರಿ ಕಳಿಸಿದರು. ಅಷ್ಟರಲ್ಲಿ ಅವನ ಜಾಗಕ್ಕೆ ಬೇರೊಬ್ಬ ಬಂದಾಗಿತ್ತು. ಸಪ್ಲೈಯರ್‌ಗಳೂ ಅಡುಗೆಯವರೂ ಸಿಟ್ಟಿಗೆದ್ದರು. ವಾರಕ್ಕೊಂದು ರಜ ಬೇಕು, ಕೆಲಸದಲ್ಲಿ ಏಟು ಬಿದ್ದರೆ ಚಿಕಿತ್ಸೆ ಕೊಡಿಸಬೇಕು, ಕಾಯಿಲೆ ಬಿದ್ದವರ ಕೆಲಸ ತೆಗೆಯಬಾರದು, ಎಲ್ಲ ಕಾಗದದಲ್ಲಿ ಬರೆದುಕೊಡಬೇಕು. ಇಷ್ಟು ಕೇಳಿ ಒಂದು ಶನಿವಾರ ಕೆಲಸ ನಿಲ್ಲಿಸಿದರು. ಅವರಿಗೆ ಲೀಡರ್ ಆಗಿದ್ದವನು ಹಳೆಯ ಸಪ್ಲೈಯರ್ ಒಬ್ಬ, ಕೈಮೇಲೆ ಒಟ್ಟಿಗೆ ಎಂಟು ದೋಸೆ ತಟ್ಟೆ ತರುತ್ತಿದ್ದ ಗಟ್ಟಿ ಮನುಷ್ಯ.

ಸಾವ್ಕಾರ್ರು ಬಗ್ಗಲಿಲ್ಲ. ಊರಿನಿಂದ ನೆಂಟರನ್ನು ಕರೆಸಿದರು. ಭಾವಮೈದುನ ದೋಸೆಗೆ ನಿಂತ, ಷಡ್ಡಕ ಬಡಿಸಲು ನಿಂತ. ಶನಿವಾರ ಕಳೆಯಿತು, ಭಾನುವಾರ ಕಳೆಯಿತು, ಹೋಟೆಲು ನಡೆದೇ ನಡೆಯಿತು. ಸೋಮವಾರ ಬೆಳಿಗ್ಗೆ ಲೀಡರ್ ಹಿತ್ತಲ ಗೋಡೆಯಾಚೆ ನಿಂತು ಅವ್ವನನ್ನು ಕರೆದ.

"ಅಕ್ಕಾ, ನೀವು ಕೈ ಎತ್ತುದ್ರೆ ಮಾತ್ರ ಆಗೋದು. ತಟ್ಟೆ ಇಲ್ದೆ ಅವ್ರು ಏನ್ರಲ್ಲಿ ಬಡುಸ್ತಾರೆ?"

"ನಾವು ಕೈ ಎತ್ತುದ್ರೆ, ನೀವ್ ಕೇಳ್ತಾ ಇರೋದು ನಮ್ಗೂ ಸಿಗ್ತದೇನಪ್ಪ?" ಅಂದಳು ಅವ್ವ.

"ನಂಜುಂಡಪ್ಪನ ಆಣೆಗೂ ಕಣಕ್ಕ. ಎಲ್ರಿಗೂ ಒಂದೇ."

ಅವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಒಂದು ಕೊಳಗ ಬೋರಲು ಹಾಕಿ ಅದರ ಮೇಲೆ ಕೂತಳು. ಉಳಿದ ಐವರೂ ಕೂತೆವು. ಸೋಮವಾರದ ಜನ, ಹೊಳೆಯಲ್ಲಿ ಮುಳುಗಿ ದರ್ಶನ ಮುಗಿಸಿ ಹಸಿದು ಬಂದವರು. ಎಂಟೂವರೆಗೆಲ್ಲ ಎಂಜಲು ತಟ್ಟೆ ತೊಟ್ಟಿಯ ಅಂಚು ಮುಟ್ಟಿತು. ಒಂಬತ್ತಕ್ಕೆ ಷಡ್ಡಕ ಪಂಚೆ ಎತ್ತಿಕಟ್ಟಿ ತಿಕ್ಕಲು ಕೂತ. ಹತ್ತು ತಟ್ಟೆ ತೊಳೆಯುವುದರೊಳಗೆ ಸೊಂಟ ಹಿಡಿದುಕೊಂಡು ಎದ್ದ. ನಾವು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕೆವು. ಹತ್ತೂವರೆಗೆ ಹೋಟೆಲಿನ ಮುಂಬಾಗಿಲು ಎಳೆದರು. ಎರಡು ದಿನ ಗಂಡಸರು ಮಾಡಲಾಗದ್ದನ್ನು ನಾವು ಎರಡು ಮೂರು ತಾಸು ಸುಮ್ಮನೆ ಕೂತು ಮಾಡಿದ್ದೆವು. ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ ಆಮೇಲೆ ಯಾರೂ ಹೇಳಲಿಲ್ಲ.

ಬಾಗಿಲು ಹಾಕಿದ ಸುದ್ದಿ ಪುರಸಭೆಗೆ ಹೋಯಿತು. ಯಾತ್ರಿಕರು ಬೀದಿಯಲ್ಲಿ ನಿಂತು ಗೊಣಗುತ್ತಿದ್ದರು, ಬೇರೆ ಹೋಟೆಲಿನ ಕೆಲಸಗಾರರೂ ಕಿವಿ ನಿಮಿರಿಸಿದ್ದರು. ಹೋಟೆಲಿಗೆ ಲೈಸೆನ್ಸ್ ಕೊಡುವವರು ಪುರಸಭೆಯವರು, ಅದು ಹೊಸದು ಮಾಡಿಸುವ ತಿಂಗಳು ಬೇರೆ. ಅಧ್ಯಕ್ಷರು ಎರಡೂ ಕಡೆಯವರಿಗೆ ಮಾರನೆಯ ದಿನ ಸಭಾಂಗಣಕ್ಕೆ ಬರಲು ಹೇಳಿಕಳಿಸಿದರು. ಗದ್ದೆ ಇದ್ದ ಮನುಷ್ಯ, ಹಿಂದೆ ಹಾಲಿನ ಸೊಸೈಟಿ ನಡೆಸಿದವರು. ಕೆಟ್ಟವರಲ್ಲ. ಆದರೆ ಅವರಿಗೆ ಜಗಳ ಅಂದರೆ ಆಗದು. ಯಾವ ವ್ಯಾಜ್ಯವಾದರೂ ಮಧ್ಯಾಹ್ನದ ಊಟದೊಳಗೆ ರಾಜಿಯಾಗಬೇಕು. ಲೇಬರ್ ಇನ್ಸ್‌ಪೆಕ್ಟರಿಗೆ ಅವತ್ತು ಬೇರೆ ಊರಲ್ಲಿ ಕೆಲಸವಿತ್ತು, ರಾಜಿಯಾದರೆ ಒಂದು ಪ್ರತಿ ಕಳಿಸಿ ಎಂದರಂತೆ.

ಗಂಡಸರು ಕುರ್ಚಿಯ ಮೇಲೆ, ನಾವು ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ. ಅರ್ಧ ಗಂಟೆ ಕೂಗಾಟವಾಯಿತು. ಆಮೇಲೆ ನನಗೇ ಆಶ್ಚರ್ಯವಾಗುವ ಹಾಗೆ ಸಾವ್ಕಾರ್ರು ಎಲ್ಲಕ್ಕೂ ಆಗಲಿ ಆಗಲಿ ಎಂದುಬಿಟ್ಟರು. ರಜ, ಆಗಲಿ. ಚಿಕಿತ್ಸೆ, ಆಗಲಿ. ಕೆಲಸ ತೆಗೆಯುವುದಿಲ್ಲ, ಆಗಲಿ. ಅಧ್ಯಕ್ಷರ ಮುಖ ಅರಳಿತು. ಬರೆಯುವುದಕ್ಕೆ ಸಾವ್ಕಾರ್ರೇ ಒಬ್ಬರನ್ನು ಕರೆತಂದಿದ್ದರು. ರಿಜಿಸ್ಟ್ರಾರ್ ಕಚೇರಿ ಮುಂದೆ ಕೂರುವ ಪತ್ರ ಬರಹಗಾರ, ಜನ್ಮವೆಲ್ಲ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಬರೆದ ಮುದುಕ. ಅವರು ಕನ್ನಡಕ ಏರಿಸಿ ಬರೆದು, ಗಟ್ಟಿಯಾಗಿ ಓದಿದರು. ಮೊದಲಿಗೇ ಚಕ್ಕುಬಂದಿ.

"ಪೂರ್ವಕ್ಕೆ ದೇವಸ್ಥಾನದ ರಸ್ತೆ, ಉತ್ತರಕ್ಕೆ ಬಟ್ಟೆ ಅಂಗಡಿ, ದಕ್ಷಿಣಕ್ಕೆ ಓಣಿ, ಪಶ್ಚಿಮಕ್ಕೆ ಪುರಸಭೆಗೆ ಸೇರಿದ ಖುಲ್ಲಾ ಜಾಗ, ಈ ಮಧ್ಯೆ ಇರುವ ಕಟ್ಟಡವೇ ಹೋಟೆಲು. ಸದರಿ ಹೋಟೆಲಿನ ಒಳಗೆ ಕೆಲಸ ಮಾಡುವ ಸಮಸ್ತ ಕೆಲಸಗಾರರಿಗೂ ಈ ಕೆಳಕಂಡ ಷರತ್ತುಗಳು ಅನ್ವಯಿಸತಕ್ಕದ್ದು."

"ಇದೇನ್ ಸಾ, ಓಟ್ಲು ಮಾರ್ತಾ ಇದ್ದೀರಾ?" ಎಂದ ಲೀಡರ್. ಎಲ್ಲರೂ ನಕ್ಕರು. ಸಾವ್ಕಾರ್ರೂ ನಕ್ಕು, "ಯಾವ ಹೋಟೆಲು ಅಂತ ಗೊತ್ತಾಗಬೇಡವೇನಪ್ಪ?" ಎಂದರು.

ಕಾಗದ ನಮ್ಮ ಕಡೆಗೆ ಬಂತು. ಅಧ್ಯಕ್ಷರು ನನ್ನನ್ನೇ ನೋಡಿ, "ನೀನು ಓದಿರೋಳಂತಲ್ಲವ್ವ, ಓದಿ ಯೋಳು ನಿಮ್ಮೋರ್ಗೆ. ಒಪ್ಗೆ ಇದ್ರೆ ಎಬ್ಬೆಟ್ಟು ಒತ್ತಿ" ಎಂದರು. ನಾನು ಓದಿದೆ. ಚಕ್ಕುಬಂದಿ ಬಿಟ್ಟು ಓದಿದೆ. ನಮ್ಮ ಕಡೆ ಯಾವ ಪತ್ರವನ್ನಾದರೂ ಹಾಗೇ ಓದುವುದು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ ಎಂದು ಬಂದರೆ ಕಣ್ಣು ತಾನಾಗಿ ನಾಲ್ಕು ಸಾಲು ಕೆಳಗೆ ಹಾರುತ್ತದೆ, ಏಕೆಂದರೆ ಕೇಳುವವರಿಗೆಲ್ಲ ಆ ಜಾಗ ಗೊತ್ತಿರುತ್ತದೆ. ಇನ್ನು 'ಹೋಟೆಲಿನ ಒಳಗೆ ಕೆಲಸ ಮಾಡುವ' ಅನ್ನುವುದು ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಅವ್ವ, 'ಓಟ್ಲೊಳ್ಗೆ' ಎಂದೇ ಹೇಳುತ್ತಿದ್ದಳು. ಕಾರ್ಖಾನೆಯೊಳಗೆ, ಆಸ್ಪತ್ರೆಯೊಳಗೆ, ಓಟ್ಲೊಳಗೆ. ನಮ್ಮ ಮಾತಲ್ಲಿ ಅದಕ್ಕೆ ಗೋಡೆ ಬಾಗಿಲು ಇರಲಿಲ್ಲ.

"ಸರ್ಯಾಗದೆ ಕಣವ್ವ, ಒತ್ತು" ಎಂದೆ. ಅವ್ವ ಒತ್ತಿದಳು, ಉಳಿದ ನಾಲ್ವರೂ ಒತ್ತಿದರು, ನಾನು ಠೀವಿಯಿಂದ ರುಜು ಹಾಕಿದೆ. ತಗಡೂರಿನವಳೊಬ್ಬಳು ನಮ್ಮಲ್ಲಿ ಬಲು ಚೂಟಿ, ಅವಳು ಮಾತ್ರ ಬೆರಳಿನ ಮಸಿ ಗೋಡೆಗೆ ಒರೆಸುತ್ತ, "ಇಷ್ಟು ಬೇಗ ಒಪ್ಕಂಡ್ನಲ್ಲ ಈವಯ್ಯ" ಎಂದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಧ್ಯಕ್ಷರು ಎಲ್ಲರಿಗೂ ಟೀ ತರಿಸಿದರು. ಊಟದ ಹೊತ್ತಿಗೆ ಸಭಾಂಗಣ ಖಾಲಿ.

ಆರು ತಿಂಗಳು ಕಳೆದಿರಬಹುದು. ತೊಟ್ಟಿಯ ತಳದಲ್ಲಿ ಒಡೆದ ಗಾಜಿನ ಲೋಟವಿತ್ತು. ನೊರೆಯೊಳಗೆ ಕಾಣಲಿಲ್ಲ, ಅವ್ವ ಬಲಗೈ ಹಾಕಿದಳು. ಬಟ್ಟೆ ಸುತ್ತಿಕೊಂಡು ಎರಡು ದಿನ ಅದೇ ಮುಸುರೆ ನೀರಲ್ಲಿ ಕೆಲಸ ಮಾಡಿದಳು. ಮೂರನೆಯ ದಿನ ಕೈ ಕುಂಬಳಕಾಯಿಯಾಯಿತು. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು, ತಿಂಗಳು ನೀರು ತಾಕಿಸಬೇಡ ಎಂದರು. ಕೈ ಉಳಿಯಿತು, ಎರಡು ಬೆರಳು ಮಾತ್ರ ಸೆಟೆದು ನಿಂತವು. ಇವತ್ತಿಗೂ ಅವ್ವ ಆ ಕೈಯಲ್ಲಿ ಮುದ್ದೆ ಮುರಿಯಲಾರಳು.

ನಾನು ಡಾಕ್ಟರ ಚೀಟಿ ಹಿಡಿದು ಗಲ್ಲಾದ ಮುಂದೆ ಹೋದೆ. ಒಪ್ಪಂದ ಇದೆಯಲ್ಲ ಎಂಬ ಧೈರ್ಯ. ಸಾವ್ಕಾರ್ರು ಚೀಟಿ ಮುಟ್ಟಲಿಲ್ಲ. ಡ್ರಾಯರಿನಿಂದ ಒಪ್ಪಂದ ತೆಗೆದು ನನ್ನ ಕಡೆ ತಿರುಗಿಸಿಟ್ಟರು.

"ನೀನೇ ಓದಿದ್ದೀಯಲ್ಲಮ್ಮ, ಎಲ್ಲರ ಮುಂದೆ. ಪಶ್ಚಿಮಕ್ಕೆ ಏನಿದೆ ಓದು."

ಓದಿದೆ. ಪಶ್ಚಿಮಕ್ಕೆ ಪುರಸಭೆಗೆ ಸೇರಿದ ಖುಲ್ಲಾ ಜಾಗ.

"ನಿಮ್ಮ ತಾಯಿ ಯಾವತ್ತಾದರೂ ನನ್ನ ಹೋಟೆಲಿನ ಒಳಗೆ ಕಾಲಿಟ್ಟಿದ್ದಾರಾ? ಪುರಸಭೆ ಜಾಗದಲ್ಲಿ ಕೂತು ಪಾತ್ರೆ ತೊಳೆಯೋರಿಗೆಲ್ಲ ನಾನು ಆಸ್ಪತ್ರೆ ಖರ್ಚು ಕೊಡೋಕಾಗುತ್ತಾ, ನೀನೇ ಹೇಳು."

ದನಿ ಎತ್ತಲಿಲ್ಲ. ಬೆಣ್ಣೆಯಂಥ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. ಸುತ್ತ ಜನ ಇಡ್ಲಿ ತಿನ್ನುತ್ತಿದ್ದರು, ಲೀಡರ್ ಎಂಟು ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ಹಾದುಹೋದ. ಹೊರಗೆ ಬಂದು ಅವನನ್ನು ಕಾದು ಹಿಡಿದೆ. ಅವನು ನೆಲ ನೋಡಿಕೊಂಡು, "ಗೊತ್ತಿತ್ತು ಕಣವ್ವ. ಇತ್ಲೋರ್ನ ಬುಟ್ರೆ ಮಿಕ್ಕದ್ದೆಲ್ಲ ಒಪ್ಕತೀನಿ ಅಂದ್ರು ರಾಜಿಗೆ ಮುಂಚಿನ ದಿವ್ಸ. ನಿಮ್ಮುನ್ನ ಸೇರ್ಸುದ್ರೆ ನಮ್ಗೂ ಸಿಕ್ತಿರ್ಲಿಲ್ಲ" ಎಂದ. ದೇವರ ಮೇಲೆ ಆಣೆ ಇಟ್ಟ ಬಾಯಿ ಅದು. ಕೆಲಸಗಾರರ ಪ್ರತಿ ಅವನ ಹತ್ತಿರವಿತ್ತು. "ಅದುನ್ನ ಇತ್ತ ಕೊಡು" ಎಂದೆ. ಪೀಡೆ ತೊಲಗಿದರೆ ಸಾಕೆಂಬಂತೆ ತಂದುಕೊಟ್ಟ. ಆಮೇಲೆ ಅವನು ಎಲ್ಲಿ ಸಿಕ್ಕರೂ ನಾನು ಮಾತಾಡಿಸಿಲ್ಲ, ನನ್ನ ಮದುವೆಗೆ ಕರೆಯಲಿಲ್ಲ, ಅವನ ಮಗಳ ಮದುವೆಗೆ ಹೋಗಲಿಲ್ಲ.

ಅಧ್ಯಕ್ಷರ ಮನೆಗೂ ಹೋದೆ. ಅವರು ಕಾಗದ ಎರಡು ಸಲ ಓದಿ ಹಣೆ ಒತ್ತಿಕೊಂಡರು. "ನಂಗೂ ಗೊತ್ತಾಗ್ನಿಲ್ವಲ್ಲವ್ವ. ಚಕ್ಕುಬಂದಿ ಯಾರು ಓದ್ತಾರೆ?" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಮಾಡಿದ ತಪ್ಪನ್ನೇ ಅವರೂ ಮಾಡಿದ್ದರು. ನನ್ನ ಮೇಲೆ ಬಂತು, ಅದನ್ನೂ ಸೇರಿಸಿ ಸಾವ್ಕಾರ್ರ ಲೆಕ್ಕಕ್ಕೇ ಹಾಕಿದೆ.

ನಮ್ಮಿಬ್ಬರನ್ನೂ ಕೆಲಸದಿಂದ ಬಿಡಿಸಿದರು. ಉಳಿದ ನಾಲ್ವರು ಬಾಯಿ ಮುಚ್ಚಿಕೊಂಡು ತಿಕ್ಕಿದರು, ಹೊಟ್ಟೆ ಕೇಳಬೇಕಲ್ಲ. ಅವ್ವನನ್ನು ಕರೆದುಕೊಂಡು ತಿ. ನರಸೀಪುರಕ್ಕೆ ಬಂದೆ. ಒಂದು ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಅಡುಗೆ ಸಹಾಯಕಿಯಾದೆ, ಆಮೇಲೆ ಕಾಯಂ ಆಯಿತು, ಅಲ್ಲೇ ಮದುವೆ, ಮಕ್ಕಳು. ಬದುಕು ಕೆಟ್ಟದ್ದೇನೂ ಆಗಲಿಲ್ಲ. ಆದರೂ ಹಾಸ್ಟೆಲಿನ ಒಲೆ ಮುಂದೆ ನಿಂತು ಆ ಮನುಷ್ಯನಿಗೆ ಹಾಕಿದ ಶಾಪ ಒಂದೆರಡಲ್ಲ. ಅವನ ದೋಸೆ ಕಾವಲಿಗೆ ಕಚ್ಚಿಕೊಳ್ಳಲಿ, ಅವನ ಹಿಟ್ಟು ಹುಳಿಯಲಿ, ಅವನ ಸಾಂಬಾರಲ್ಲಿ ದಿನಕ್ಕೊಂದು ಹಲ್ಲಿ ಬೀಳಲಿ. ಅವ್ವ ಸೆಟೆದ ಬೆರಳಲ್ಲಿ ತಟ್ಟೆಯ ಅನ್ನ ಕಲಸಲಾಗದೆ ಎಡಗೈ ಹಾಕುವುದನ್ನು ನೋಡಿದಾಗಲೆಲ್ಲ ಇನ್ನೊಂದು ಸೇರಿಸುತ್ತಿದ್ದೆ. ಯಾವುದೂ ತಟ್ಟಲಿಲ್ಲ. ಹೋಟೆಲಿಗೆ ಹೊಸ ಬೋರ್ಡು, ಫ್ಯಾಮಿಲಿ ರೂಮು ಎಲ್ಲ ಬಂತೆಂದು ಕೇಳುತ್ತಿದ್ದೆ.

ಅವ್ವ ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ನೀನು ಸರಿಯಾಗಿ ಓದಲಿಲ್ಲವಲ್ಲ ಎಂದು ಒಂದು ಸಲವಾದರೂ ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೀಗೇ ಹತ್ತು ವರ್ಷ. ಒಂದು ದಿನ ತಗಡೂರಿನವಳು ತಲಕಾಡಿಗೆ ಹೋಗುವವಳು ನರಸೀಪುರದಲ್ಲಿ ಬಸ್ಸಿಳಿದು ಮನೆಗೆ ಬಂದಳು. ಅವಳು ಇನ್ನೂ ಅದೇ ಹಿತ್ತಲಲ್ಲಿ ತಿಕ್ಕುತ್ತಿದ್ದಳು. ಕಾಫಿ ಕುಡಿಯುತ್ತ ಮಾತಿಗೆ ಹೇಳಿದಳು.

"ಸಾವ್ಕಾರ್ರು ಇತ್ಲಲ್ಲಿ ಲಾಡ್ಜ್ ಕಟ್ಟುಸ್ತಾರಂತೆ ಕಣಮ್ಮಿ. ಇತ್ಲು ನಮ್ದೇ, ಮೂವತ್ತು ವರ್ಸದಿಂದ ನಮ್ ಸ್ವಾಧೀನ ಅಂತ ಪುರಸಭೆಗೆ ಅರ್ಜಿ ಕೊಟ್ಟವ್ರೆ. ನೋಟೀಸ್ ಅಂಟ್ಸವ್ರೆ ಗೋಡೆಗೆ. ನಾವು ಸಾಕ್ಷಿ ಯೋಳ್ಬೇಕಂತೆ, ನಾಕ್ ಜನಕ್ಕೂ ಸೀರೆ ತಂದುಕೊಟ್ರು."

ನಾನು ಲೋಟ ಕೆಳಗಿಟ್ಟೆ. "ಏನಂತ ಸಾಕ್ಷಿ?"

"ಇವ್ರ ಓಟ್ಲು ಕೆಲ್ಸದೋರು ನಾವು, ಈ ಇತ್ಲಲ್ಲೇ ಕೆಲ್ಸ ಮಾಡ್ಕಂಡ್ ಬಂದಿವಿ ಅಂತ."

ನಾನು ಎದ್ದು ಟ್ರಂಕು ತೆಗೆದೆ. ಸೀರೆ ಬಿಡಿಸಿದೆ. ಅವಳಿಗೆ ಆ ನಾಲ್ಕು ಸಾಲು ಓದಿ ಹೇಳಿದೆ, ಈ ಸಲ ಚಕ್ಕುಬಂದಿ ಸಮೇತ. ಅವಳು, "ನಾನು ಏನ್ ಯೋಳ್ಲಿ ಹಂಗಾರೆ?" ಎಂದಳು.

"ಸಾವ್ಕಾರ್ರು ಯೋಳ್ಕೊಟ್ಟಂಗೇ ಯೋಳು. ಒಂದ್ ಮಾತೂ ಬುಡ್ಬೇಡ" ಎಂದೆ. ಅವಳ ಮುಖದಲ್ಲಿ ನಗು ಮೆಲ್ಲಗೆ ಹರಡಿತು.

ನೋಟೀಸಿನಲ್ಲಿ ತಕರಾರು ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸಬೇಕೆಂದಿತ್ತು. ನಾನು ಹಾಸ್ಟೆಲಿಗೆ ರಜ ಹಾಕಿ, ತಕರಾರು ಅರ್ಜಿ ನನ್ನ ಕೈಯಲ್ಲೇ ಬರೆದು, ಕಾಗದದ ಜೆರಾಕ್ಸ್ ಲಗತ್ತಿಸಿ ಕೊಟ್ಟುಬಂದೆ. ಗುಮಾಸ್ತರು, "ನಿಮಗೇನಮ್ಮ ಆ ಜಾಗದ ಮೇಲೆ ಹಕ್ಕು?" ಎಂದು ಕೇಳಿದರು. ಹಕ್ಕೇನೂ ಇಲ್ಲ, ಸಿಟ್ಟಿದೆ ಎಂದೆ. ಅವರು ನಕ್ಕು ಸೀಲು ಒತ್ತಿದರು.

ವಿಚಾರಣೆಯ ದಿನ ಅದೇ ಸಭಾಂಗಣ. ಗೋಡೆಯ ಬಣ್ಣ ಬೇರೆ, ಕುರ್ಚಿ ಪ್ಲಾಸ್ಟಿಕ್ಕಿನವು. ಮುಖ್ಯಾಧಿಕಾರಿ ಕಡಿಮೆ ಮಾತಿನ ಮನುಷ್ಯ, ಹೊಸಬರು. ಸಾವ್ಕಾರ್ರಿಗೆ ಕೂದಲು ಬೆಳ್ಳಗಾಗಿತ್ತು, ನನ್ನ ಗುರುತು ಹಿಡಿಯಲಿಲ್ಲ. ಹೊಸ ಸೀರೆ ಉಟ್ಟ ನಾಲ್ವರನ್ನು ಈ ಸಲ ತಾವೇ ಕುರ್ಚಿಯ ಮೇಲೆ ಕೂರಿಸಿದ್ದರು.

ತಗಡೂರಿನವಳು ಎದ್ದು ನಿಂತು ಕಂಠಪಾಠ ಒಪ್ಪಿಸಿದಳು. "ನಾವು ಇವ್ರ ಓಟ್ಲು ಕೆಲ್ಸದೋರು ಸಾ. ಇತ್ಲೂ ಓಟ್ಲೇ. ಇಪ್ಪತ್ ವರ್ಸದಿಂದ ಅಲ್ಲೇ ಮುಸ್ರೆ ತಿಕ್ತಾ ಇವ್ನಿ."

ಮುಖ್ಯಾಧಿಕಾರಿ ಸಾವ್ಕಾರ್ರ ಕಡೆ ನೋಡಿದರು. "ಇವರು ನಿಮ್ಮ ಹೋಟೆಲಿನ ಕೆಲಸಗಾರರೇ?"

"ಮತ್ತೆ? ನಮ್ಮ ಮನೆಯವರ ಹಾಗೆ ಸಾರ್."

ಮನೆಯವರ ಹಾಗೆ. ತಕರಾರುದಾರರು ಯಾರು ಎಂದು ಕೂಗಿದರು. ನಾನು ಎದ್ದು ಹೋಗಿ ಸೀರೆಯಲ್ಲಿ ಇಟ್ಟಿದ್ದ ಕಾಗದವನ್ನೇ ಸಾವ್ಕಾರ್ರ ಮುಂದೆ ಬಿಡಿಸಿಟ್ಟೆ.

"ಪಶ್ಚಿಮಕ್ಕೆ ಏನಿದೆ ಓದಿ ಸಾವ್ಕಾರ್ರೇ" ಎಂದೆ.

ಆಗ ಗುರುತು ಹಿಡಿದರು. ನನ್ನ ಮುಖ ನೋಡಿದರು, ಕಾಗದ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಓದಲಿಲ್ಲ. ಮುಖ್ಯಾಧಿಕಾರಿ ಕಾಗದ ತೆಗೆದುಕೊಂಡು ತಾವೇ ಓದಿದರು. ರೆಕಾರ್ಡ್ ರೂಮಿನಿಂದ ಹಳೆಯ ಕಡತ ತರಿಸಿದರು. ಅದರಲ್ಲೂ ಅದೇ ಸಾಲು, ಅದೇ ರುಜು. ಪಶ್ಚಿಮಕ್ಕೆ ಪುರಸಭೆಗೆ ಸೇರಿದ ಖುಲ್ಲಾ ಜಾಗ.

"ಅದು... ಆಗ ಆಳುಗಳ ವಿಷಯಕ್ಕೆ ಬರೆಸಿದ್ದು ಸಾರ್" ಎಂದರು ಸಾವ್ಕಾರ್ರು.

"ಹಾಗಾದರೆ ಆಗ ಅವರಿಗೆ ಸುಳ್ಳು ಬರೆಸಿದಿರಾ, ಈಗ ನಮಗೆ ಸುಳ್ಳು ಹೇಳುತ್ತಿದ್ದೀರಾ? ಒಂದು ಹೇಳಿ, ಅದನ್ನೇ ಬರೆದುಕೊಳ್ಳುತ್ತೇನೆ."

ಬೆಣ್ಣೆ ಮಾತಿನವರು ಅವತ್ತು ಸಿಕ್ಕಿಬಿದ್ದರು. ಹಿತ್ತಲು ತಮ್ಮದು ಅಂದರೆ ಅಲ್ಲಿ ಮುಸುರೆ ತಿಕ್ಕಿದವರೆಲ್ಲ ಹೋಟೆಲಿನವರು, ಅವ್ವನ ಕೈಗೆ ಜವಾಬ್ದಾರರು ತಾವು. ತಮ್ಮದಲ್ಲ ಅಂದರೆ ಲಾಡ್ಜು ಹೋಯಿತು. ಬಾಯಿ ತೆರೆಯುವುದು, ಮುಚ್ಚುವುದು. ನಾನು ಕೂತು ನೋಡಿದೆ. ಕಣ್ಣು ಮಿಟುಕಿಸಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ನೋಡಿದೆ. ಪಾಪ ಅನ್ನಿಸಲಿಲ್ಲವೇ ಎಂದು ನನ್ನ ಗಂಡ ಆಮೇಲೆ ಕೇಳಿದರು. ಇಲ್ಲ. ಹೊಟ್ಟೆ ತಣ್ಣಗಾಯಿತು.

ಅರ್ಜಿ ವಜಾ ಆಯಿತು. ಎರಡು ತಿಂಗಳಲ್ಲಿ ಪುರಸಭೆಯವರು ಹಿತ್ತಲ ಗೋಡೆ ಕೆಡವಿ, ತೊಟ್ಟಿ ಕಿತ್ತು, ಬೇಲಿ ಹಾಕಿ, ಇದು ಪುರಸಭೆಯ ಸ್ವತ್ತು ಎಂದು ಬೋರ್ಡು ನೆಟ್ಟರು. ಹಿಂಬಾಗಿಲಿಗೆ ಇಟ್ಟಿಗೆ ಕಟ್ಟಿಸಬೇಕಾಯಿತು. ಆದರೆ ತಟ್ಟೆ ತೊಳೆಯಬೇಕಲ್ಲ? ಸಾವ್ಕಾರ್ರು ಫ್ಯಾಮಿಲಿ ರೂಮು ಒಡೆಸಿ ಅಲ್ಲಿ ನಲ್ಲಿ, ತೊಟ್ಟಿ ಹಾಕಿಸಿದರು. ಹೀಗೆ ಮುಸುರೆಯವರು ಹೋಟೆಲಿನ ಒಳಗೆ ಬಂದರು. ಆ ಹಳೆಯ ಒಪ್ಪಂದವನ್ನೋ, ಮೂರು ವರ್ಷಕ್ಕೊಮ್ಮೆ ಅದೇ ಚಕ್ಕುಬಂದಿ, ಅದೇ 'ಒಳಗೆ ಕೆಲಸ ಮಾಡುವ ಸಮಸ್ತ' ಹಾಗೇ ಇಳಿಸಿಕೊಂಡು ಹೊಸದು ಮಾಡುತ್ತ ಬಂದಿದ್ದರು. ತಗಡೂರಿನವಳು ಮುಂದಿನ ವಾರವೇ ಹೋಗಿ ರಜ ಕೇಳಿದಳಂತೆ, ಕೊಡಲೇಬೇಕಾಯಿತಂತೆ. ಫೋನಿನಲ್ಲಿ ನನ್ನನ್ನು ಹೊಗಳಿದಳು. ಇದನ್ನು ನನ್ನ ಪುಣ್ಯದ ಖಾತೆಗೆ ಹಾಕಬೇಡ ಎಂದೆ. ನಾನು ಅವಳ ರಜಕ್ಕಾಗಿ ಹೋದವಳಲ್ಲ. ಆ ಮನುಷ್ಯನ ಬಾಯಿ ಕಟ್ಟಿಸುವುದಕ್ಕೆ ಹೋದವಳು.

ಇಷ್ಟಾದರೂ ಒಂದು ಬಾಕಿ ಉಳಿದಿತ್ತು. ಅವ್ವ ಅಷ್ಟು ವರ್ಷ ಆ ಹೋಟೆಲಲ್ಲಿ ದುಡಿದರೂ ಅದರ ಮುಂಬಾಗಿಲಿಂದ ಒಳಗೆ ಹೋಗಿರಲಿಲ್ಲ. ಒಂದು ಬೆಳಿಗ್ಗೆ ದೇವಸ್ಥಾನಕ್ಕೆಂದು ನಂಜನಗೂಡಿಗೆ ಕರೆದುಕೊಂಡು ಹೋಗಿ, ಬರುವಾಗ ಕೈ ಹಿಡಿದು ಆ ಬಾಗಿಲಿಗೆ ತಿರುಗಿಸಿದೆ. "ಬ್ಯಾಡ ಕಣಮ್ಮಿ" ಎಂದಳು. ಎಳೆದುಕೊಂಡೇ ಹೋದೆ. ಗಲ್ಲಾದಲ್ಲಿ ಸಾವ್ಕಾರ್ರು ಕೂತಿದ್ದರು, ಅವರಿಗೆ ಎದುರಾಗಿಯೇ ಇರುವ ಮೇಜು ಹಿಡಿದೆ. ಮಸಾಲೆ ದೋಸೆ, ಕಾಫಿ. ಅವ್ವ ಎಡಗೈ ಸೇರಿಸಿಕೊಂಡು ತಿಂದಳು. ಸಾವ್ಕಾರ್ರು ನಮ್ಮನ್ನು ನೋಡಿದರು, ಆ ಕೈಯನ್ನೂ ನೋಡಿದರು, ಚಿಲ್ಲರೆ ಎಣಿಸುವವರಂತೆ ತಲೆ ತಗ್ಗಿಸಿದರು.

ಕಾಫಿ ಕುಡಿದಾದ ಮೇಲೆ ಅವ್ವ ಲೋಟ ಎತ್ತಿಕೊಂಡು ಎದ್ದಳು. ಕುಡಿದ ಲೋಟ ಹಾಗೇ ಮೇಜಿನ ಮೇಲೆ ಬಿಟ್ಟು ಬರುವುದು ಅವಳಿಗೆ ಗೊತ್ತೇ ಇರಲಿಲ್ಲ. ಅಡುಗೆಮನೆ ದಾಟಿ ಹಿಂದಕ್ಕೆ ನಡೆದಳು, ಯಾರೂ ತಡೆಯಲಿಲ್ಲ. ಬಾಗಿಲಿದ್ದ ಕಡೆ ಇಟ್ಟಿಗೆ ಗೋಡೆ. ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದು, ತಿರುಗಿ ಬಂದು, ನಾನು ಎದ್ದು ತಡೆಯುವುದರೊಳಗೆ ಗಲ್ಲಾದ ಮುಂದೆ ನಿಂತಿದ್ದಳು.

"ಇತ್ಲು ಬಾಗ್ಲು ಮುಚ್ಚೋಗದಲ್ಲ ಸಾವ್ಕಾರ್ರೇ. ಈ ಲೋಟ ಎಲ್ಲಿ ಇಡ್ಲಿ?"

ಅವಳು ಕುಹಕಕ್ಕೆ ಕೇಳಿದ್ದಲ್ಲ. ಅವ್ವನಿಗೆ ಕುಹಕ ಬರುವುದಿಲ್ಲ, ಆ ಗುಣವೆಲ್ಲ ನನ್ನದು. ಎರಡು ಸೆಟೆದ ಬೆರಳಿನ ನಡುವೆ ಲೋಟ ಸಿಕ್ಕಿಸಿಕೊಂಡು ಹಾಗೇ ಕೈ ಚಾಚಿದ್ದಳು. ಹಿಂದೆ ಬಿಲ್ಲು ಕೊಡಲು ನಾಲ್ಕು ಜನ ನಿಂತಿದ್ದರು. ಸಾವ್ಕಾರ್ರು ಆಚೀಚೆ ನೋಡಿ ಕೊನೆಗೆ ಕೈ ನೀಡಿ ಲೋಟ ತೆಗೆದುಕೊಂಡರು. ಗಲ್ಲಾದ ಮೇಲೆ ಇಡಲಾರರು, ದೇವರ ಪಟವಿದೆ. ನೆಲದ ಮೇಲೆ ಇಡಲಾರರು, ಗಿರಾಕಿಗಳು ನೋಡುತ್ತಿದ್ದಾರೆ. ಅವ್ವನ ಎಂಜಲು ಲೋಟ ಹಿಡಿದುಕೊಂಡು ಎದ್ದು, ಮುಸುರೆಯ ತೊಟ್ಟಿಯ ಕಡೆ ತಾವೇ ನಡೆದರು.

"ಮುಂದ್ಗಡೆನೂ ಆರೋದ ಕಾಪೀನೇ ಕೊಡ್ತಾರೆ ಕಣಮ್ಮಿ" ಎಂದಳು ಅವ್ವ ಮೆಟ್ಟಿಲಿಳಿಯುತ್ತ. ನರಸೀಪುರದ ಬಸ್ಸಿಗೆ ಹೊತ್ತಾಗಿತ್ತು. ಆದರೂ ಸಾವ್ಕಾರ್ರು ಕೈ ಬರಿದು ಮಾಡಿಕೊಂಡು ಒಳಗಿನಿಂದ ವಾಪಸ್ಸು ಬರುವವರೆಗೂ ನಾನು ಬಾಗಿಲಲ್ಲಿ ನಿಂತು ನೋಡಿದೆ.